ಲಾಂಗ್ ಬೆಡ್ ಪಿಕಪ್ಪನ್ನು ಕತ್ತರಿಸಿ ಶಾರ್ಟ್ ಬೆಡ್ ಮಾಡುವುದು ಸರಿಯೇ? 1972ರ ಷೆವ್ರೊಲೆ ಸಿ10 ಕುರಿತು ಚರ್ಚೆ

ಟೆಕ್ಸಸ್ ಕನ್ನಡಿಗ:
ನಮಸ್ಕಾರ. ನಾನು ಇತ್ತೀಚೆಗೆ 1972ರ ಷೆವ್ರೊಲೆ ಸಿ10 ಪಿಕಪ್ ಕೊಂಡಿದ್ದೇನೆ. ಅದು ಎಂಟು ಅಡಿ ಬೆಡ್ (ಸರಕು ಹೇರುವ ಹಿಂದಿನ ತೊಟ್ಟಿ) ಇರುವ ಫ್ಲೀಟ್‌ಸೈಡ್ ಮಾದರಿ, ಅಂದರೆ ಚಕ್ರದ ಉಬ್ಬುಗಳು ಬೆಡ್‌ನ ಒಳಗೇ ಇರುವಂಥದ್ದು. 350 ವಿ8 ಎಂಜಿನ್ ಇದೆ. ಹಿಂದಿನ ಮಾಲೀಕರು ಅದನ್ನು ಜಮೀನಿನ ಕೆಲಸಕ್ಕೆ ದುಡಿಸಿದ್ದರೂ ಚಾಸಿಗೆ ತುಕ್ಕು ಹತ್ತಿಲ್ಲ, ಬೆಡ್‌ನ ತಳವೂ ಗಟ್ಟಿಯಾಗಿದೆ. ಆದರೆ ಇಲ್ಲಿ ಹಳೆಯ ಟ್ರಕ್‌ಗಳನ್ನು ಇಷ್ಟಪಡುವವರಿಗೆಲ್ಲ ಆರೂವರೆ ಅಡಿಯ ಶಾರ್ಟ್ ಬೆಡ್ ಮೇಲೆಯೇ ಕಣ್ಣು, ಬೆಲೆಯೂ ಅದಕ್ಕೇ ಹೆಚ್ಚು. ಚಾಸಿಯನ್ನು ಕತ್ತರಿಸಿ, ಹಿಂದಿನ ಆಕ್ಸಲನ್ನು ಮುಂದಕ್ಕೆ ತಂದು, ಬೆಡ್ ಬದಲಾಯಿಸಿದರೆ ನನ್ನದೂ ಶಾರ್ಟ್ ಬೆಡ್ ಆಗುತ್ತದೆ ಎಂದು ಇಬ್ಬರು ಮೆಕ್ಯಾನಿಕ್‌ಗಳು ಹೇಳಿದ್ದಾರೆ. ಅದು ಸುರಕ್ಷಿತವೇ, ಮಾಡುವುದು ಸರಿಯೇ ಎಂಬ ಎರಡು ಪ್ರಶ್ನೆಗಳನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ವೆಲ್ಡರ್ ಮಿಷಿಗನ್:
ಮೊದಲ ಪ್ರಶ್ನೆಗೆ ನನ್ನ ಉತ್ತರ: ಕೆಲಸ ಬಲ್ಲವರು ಮಾಡಿದರೆ ಸುರಕ್ಷಿತ. 1967ರಿಂದ 1972ರವರೆಗಿನ ಸಿ10ರಲ್ಲಿ ಲಾಂಗ್ ಬೆಡ್‌ನ ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 127 ಅಂಗುಲ, ಶಾರ್ಟ್ ಬೆಡ್‌ನದು 115 ಅಂಗುಲ. ಹಾಗಾಗಿ ಎರಡು ಚಕ್ರಗಳ ನಡುವೆ ಸರಿಯಾಗಿ 12 ಅಂಗುಲ ತೆಗೆಯಬೇಕು. ಬೆಡ್ ಗಿಡ್ಡವಾಗುವುದಕ್ಕೆ ತಕ್ಕಂತೆ ಉಳಿದದ್ದನ್ನು ಹಿಂದಿನ ಆಕ್ಸಲ್ ದಾಟಿ ಹೊರಚಾಚಿರುವ ತುದಿಯಲ್ಲಿ ಕತ್ತರಿಸಬೇಕು. ಹಿಂದಿನ ತುದಿಯ ಕೆಲಸ ಸುಲಭ, ಏಕೆಂದರೆ ಅಲ್ಲಿ ಭಾರ ಕಡಿಮೆ. ಕ್ಯಾಬ್ ಮತ್ತು ಆಕ್ಸಲ್ ನಡುವಿನ ಜೋಡಣೆಯೇ ನಿಜವಾದ ಪರೀಕ್ಷೆ.

ಈ ಚಾಸಿಯ ಪಟ್ಟಿ ಸಿ ಆಕಾರದ್ದು. ಬೆಡ್‌ನಲ್ಲಿ ಹೊರೆ ಬಿದ್ದಾಗ ಎರಡು ಆಕ್ಸಲ್‌ಗಳ ನಡುವಿನ ಭಾಗ ಕೆಳಕ್ಕೆ ಬಾಗಲು ನೋಡುತ್ತದೆ. ಮೇಲಿನ ಅಂಚು ಅದುಮಿಕೊಳ್ಳುತ್ತದೆ, ಕೆಳಗಿನ ಅಂಚು ಎಳೆತಕ್ಕೆ ಸಿಗುತ್ತದೆ. ಪಟ್ಟಿಯನ್ನು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಕತ್ತರಿಸಿ ಅಲ್ಲೇ ವೆಲ್ಡ್ ಮಾಡಿದರೆ ಎರಡೂ ಅಂಚುಗಳ ಬೆಸುಗೆ ಒಂದೇ ಗೆರೆಯಲ್ಲಿ ಬರುತ್ತದೆ, ಮತ್ತು ಬಿರುಕು ಹುಟ್ಟಿದರೆ ಕೆಳ ಅಂಚಿನಿಂದ ಶುರುವಾಗಿ ಅದೇ ಗೆರೆ ಹಿಡಿದು ಮೇಲಕ್ಕೆ ಏರುತ್ತದೆ. ಆದ್ದರಿಂದ ಮೆಟ್ಟಿಲಿನ ಆಕಾರದಲ್ಲಿ ಕತ್ತರಿಸುತ್ತೇವೆ. ಆಗ ಮೇಲಂಚಿನ ಬೆಸುಗೆ ಒಂದು ಕಡೆ, ಕೆಳಅಂಚಿನದು ಅದರಿಂದ ಹಲವು ಅಂಗುಲ ಆಚೆ ಬೀಳುತ್ತದೆ. ಅಂಚುಗಳನ್ನು ಗ್ರೈಂಡರ್‌ನಿಂದ ಇಳಿಜಾರಾಗಿ ಉಜ್ಜಿ, ಬೆಸುಗೆ ಪೂರ್ತಿ ದಪ್ಪಕ್ಕೂ ಇಳಿಯುವಂತೆ ಮಾಡಿ, ಒಳಬದಿಯಲ್ಲಿ ಬಲಪಡಿಸುವ ತಗಡು ಕೂರಿಸಬೇಕು. ಆ ತಗಡಿನ ತುದಿಗಳನ್ನು ಚೂಪಾಗಿ ಇಳಿಸದೆ ಚೌಕವಾಗಿ ಬಿಟ್ಟರೆ ಗಟ್ಟಿ ಭಾಗ ದಿಢೀರನೆ ಮುಗಿದು, ಅದರ ಪಕ್ಕದಲ್ಲೇ ಹೊಸ ದುರ್ಬಲ ಜಾಗ ಹುಟ್ಟುತ್ತದೆ.

ದೊಡ್ಡ ಲಾರಿಗಳ ಚಾಸಿಯ ಉಕ್ಕನ್ನು ಬಹುತೇಕ ಕಾಯಿಸಿ ಹದಗೊಳಿಸಿರುತ್ತಾರೆ, ಬೆಸುಗೆಯ ಶಾಖಕ್ಕೆ ಆ ಹದ ಕೆಡುತ್ತದೆ. ಸಿ10ರದು ಸಾಧಾರಣ ಮೆದು ಉಕ್ಕು, ಆದ್ದರಿಂದಲೇ ಈ ಕೆಲಸ ಸಾಧ್ಯ.

ಬಡಗಿ ಒರೆಗಾನ್:
ಬೆಸುಗೆಯ ವಿಷಯದಲ್ಲಿ ವೆಲ್ಡರ್ ಸರ್ ಹೇಳಿದ್ದನ್ನು ನಾನು ಪ್ರಶ್ನಿಸುವುದಿಲ್ಲ. ನನ್ನ ಆಕ್ಷೇಪ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು. ಎಂಟು ಅಡಿ ಎಂಬ ಅಳತೆ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಪ್ಲೈವುಡ್ ಹಲಗೆಯ ಅಳತೆ ನಾಲ್ಕು ಅಡಿಗೆ ಎಂಟು ಅಡಿ. ಈ ಟ್ರಕ್‌ನ ಫ್ಲೀಟ್‌ಸೈಡ್ ಬೆಡ್‌ನಲ್ಲಿ ಎರಡು ಚಕ್ರದ ಉಬ್ಬುಗಳ ನಡುವೆ ಆ ಹಲಗೆ ಚಪ್ಪಟೆಯಾಗಿ ಕೂರುತ್ತದೆ, ಟೇಲ್‌ಗೇಟನ್ನೂ (ಬೆಡ್‌ನ ಹಿಂಬಾಗಿಲು) ಮುಚ್ಚಬಹುದು. ಶಾರ್ಟ್ ಬೆಡ್‌ನಲ್ಲಿ ಅದೇ ಹಲಗೆ ಟೇಲ್‌ಗೇಟ್ ಮೇಲೆ ಚಾಚಿಕೊಳ್ಳುತ್ತದೆ, ಹಗ್ಗ ಬಿಗಿಯಬೇಕಾಗುತ್ತದೆ. ಉದ್ದ ವ್ಹೀಲ್‌ಬೇಸ್‌ನ ಗಾಡಿ ಹೆದ್ದಾರಿಯಲ್ಲಿ ಹೆಚ್ಚು ಸ್ಥಿರವಾಗಿಯೂ ಓಡುತ್ತದೆ.

ಅಷ್ಟೇ ಅಲ್ಲದೆ, ಐವತ್ತು ವರ್ಷ ದುಡಿದು ಇನ್ನೂ ತುಕ್ಕು ಹಿಡಿಯದೆ ಉಳಿದ ಗಾಡಿ ಅಪರೂಪ. ಅಂಥದ್ದನ್ನು ಕೇವಲ ನೋಟಕ್ಕಾಗಿ ಕತ್ತರಿಸುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕತ್ತರಿಸಿದ 12 ಅಂಗುಲವನ್ನು ಮತ್ತೆ ಯಾರೂ ಸೇರಿಸುವುದಿಲ್ಲ.

ಹಳೇ ಗಾಡಿ ಆರಿಜೋನಾ:
ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಸಿ10 ತಯಾರಾದ ಕಾಲದಲ್ಲಿ ಕೊಳ್ಳುವವರು ಹೆಚ್ಚಾಗಿ ರೈತರು, ಗುತ್ತಿಗೆದಾರರು. ಅವರಿಗೆ ಬೇಕಿದ್ದದ್ದು ಉದ್ದದ ಬೆಡ್. ಅದಕ್ಕೇ ಲಾಂಗ್ ಬೆಡ್‌ಗಳು ಇಂದಿಗೂ ಹೇರಳವಾಗಿ ಸಿಗುತ್ತವೆ. ಕೊಳ್ಳುವವರಿಲ್ಲದೆ ಎಷ್ಟೋ ಗಾಡಿಗಳು ಬಯಲಲ್ಲಿ ನಿಂತು ಬಿಡಿಭಾಗಗಳಿಗಾಗಿ ಬಿಚ್ಚಲ್ಪಡುತ್ತಿವೆ. ಹಾಗೆ ಗುಜರಿಗೆ ಹೋಗಬೇಕಾದ ಗಾಡಿಯೊಂದು ಶಾರ್ಟ್ ಬೆಡ್ ಆಗಿ ಇನ್ನಷ್ಟು ವರ್ಷ ರಸ್ತೆಯಲ್ಲಿದ್ದರೆ ಅದನ್ನು ಹಾಳುಮಾಡಿದ್ದೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಗಿಡ್ಡ ಗಾಡಿಯ ಗುಣವೂ ಬರೀ ನೋಟದಲ್ಲಿಲ್ಲ: ಅದು ಕಡಿಮೆ ಜಾಗದಲ್ಲಿ ತಿರುಗುತ್ತದೆ, ಮನೆಯ ಗ್ಯಾರೇಜಿನೊಳಗೆ ಹಿಡಿಸುತ್ತದೆ.

ಬಡಗಿ ಒರೆಗಾನ್:
ಗುಜರಿಗೆ ಹೋಗುವ ಗಾಡಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಪ್ರಶ್ನೆ ಕೇಳಿದವರು ತಮ್ಮ ಗಾಡಿಯ ಚಾಸಿಯೂ ಬೆಡ್ಡೂ ಗಟ್ಟಿಯಾಗಿವೆ ಎಂದಿದ್ದಾರೆ. ಬೆಡ್ ಕೊಳೆತ, ಕ್ಯಾಬ್ ಮಾತ್ರ ಚೆನ್ನಾಗಿರುವ ಗಾಡಿಯೊಂದನ್ನು ಹುಡುಕಿ ಅದಕ್ಕೆ ಈ ಕೆಲಸ ಮಾಡಿಸಲಿ. ಹೇಗಿದ್ದರೂ ಆ ಗಾಡಿಗೆ ಹೊಸ ಬೆಡ್ ಬೇಕೇ ಬೇಕು.

ತಗಡು ಕೆಲಸ:
ಚರ್ಚೆಯೆಲ್ಲ ಚಾಸಿಯ ಸುತ್ತ ನಡೆಯುತ್ತಿದೆ, ಆದರೆ ಬಾಡಿ ಕೆಲಸ ಮಾಡುವ ನನ್ನ ಅನುಭವದಲ್ಲಿ ಹಣವನ್ನೂ ತಾಳ್ಮೆಯನ್ನೂ ನುಂಗುವುದು ಬೆಡ್. ಇರುವ ಲಾಂಗ್ ಬೆಡ್ಡನ್ನೇ ಗಿಡ್ಡ ಮಾಡಲು ಹೊರಟರೆ ಚಕ್ರದ ಕಮಾನಿನ ಮುಂದೊಂದು ಪಟ್ಟಿ, ಹಿಂದೊಂದು ಪಟ್ಟಿ ತೆಗೆಯಬೇಕು. ಅಂದರೆ ಎರಡೂ ಬದಿ ಸೇರಿ ನಾಲ್ಕು ಕಡೆ ತೆಳು ತಗಡಿಗೆ ಉದ್ದುದ್ದದ ಬೆಸುಗೆ. ಒಂದೇ ಸಮನೆ ಬೆಸುಗೆ ಹಾಕಿದರೆ ತಗಡು ಕಾದು ಅಲೆಯಲೆಯಾಗಿ ಏಳುತ್ತದೆ. ಚುಕ್ಕಿ ಚುಕ್ಕಿಯಾಗಿ ಹಾಕಿ, ಪ್ರತಿಯೊಂದೂ ಆರುವವರೆಗೆ ಕಾದು, ಇನ್ನೊಂದು ತುದಿಗೆ ಹೋಗಿ ಮತ್ತೊಂದು ಚುಕ್ಕಿ ಇಡಬೇಕು. ಫ್ಲೀಟ್‌ಸೈಡ್‌ನ ಪಕ್ಕದಲ್ಲಿ ಮೂತಿಯಿಂದ ಬಾಲದವರೆಗೆ ಓಡುವ ಉಬ್ಬುಗೆರೆ ಕೂದಲೆಳೆಯಷ್ಟು ತಪ್ಪಿದರೂ ಬಣ್ಣ ಬಳಿದ ಮೇಲೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಈಗ ಶಾರ್ಟ್ ಬೆಡ್‌ನ ಹೊಸ ಪಕ್ಕದ ತಗಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಅವನ್ನು ಕೊಳ್ಳುವುದೇ ಲೇಸು. ಟೆಕ್ಸಸ್‌ನವರು ಹಾಗೆ ಹೊಸದು ಕೊಂಡರೂ ಗಟ್ಟಿಯಾಗಿರುವ ಹಳೆಯ ಬೆಡ್ಡನ್ನು ಎಸೆಯಬಾರದು. ಅದನ್ನು ಹುಡುಕುತ್ತಿರುವ ಲಾಂಗ್ ಬೆಡ್ ಮಾಲೀಕರು ಇದ್ದೇ ಇರುತ್ತಾರೆ.

ಹುಬ್ಬಳ್ಳಿ ಹುಡುಗ:
ನಮ್ಮಲ್ಲಿ ಪಿಕಪ್ ಗಾಡಿಗಳಿಗೆ ಹೀಗೆ ಮಾಡಿಸಬಹುದೇ?

ಹಳೇ ಗಾಡಿ ಆರಿಜೋನಾ:
ಬೇಡ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ವ್ಹೀಲ್‌ಬೇಸ್ ದಾಖಲಾಗಿರುವಾಗ ಚಾಸಿ ಕತ್ತರಿಸಿದರೆ ನೋಂದಣಿಗೂ ವಿಮೆಗೂ ಕುತ್ತು ಬರುತ್ತದೆ.

ದಾಖಲೆ ಪ್ರಿಯ:
ಇದುವರೆಗೆ ಯಾರೂ ಎತ್ತದ ಮಾತೊಂದಿದೆ. ಪರಿವರ್ತಿಸಿದ ಗಾಡಿಯನ್ನು ಮುಂದೆ ಮಾರುವಾಗ ಅದು ಮೂಲತಃ ಲಾಂಗ್ ಬೆಡ್ ಎಂದು ಸ್ಪಷ್ಟವಾಗಿ ಹೇಳಲೇಬೇಕು. 1967ರ ನಂತರದ ಈ ಗಾಡಿಗಳ ವಿಐಎನ್ (ಕಾರ್ಖಾನೆ ಕೊಟ್ಟ ಗುರುತಿನ) ಸಂಖ್ಯೆ ಬೆಡ್‌ನ ಉದ್ದವನ್ನು ತಿಳಿಸುವುದಿಲ್ಲ. ಗ್ಲವ್ ಬಾಕ್ಸ್‌ನ ಒಳಗೆ ಕಾರ್ಖಾನೆಯವರು ಅಂಟಿಸಿದ ಚೀಟಿಯಲ್ಲಿ ಮಾತ್ರ ವ್ಹೀಲ್‌ಬೇಸ್ ನಮೂದಾಗಿರುತ್ತದೆ, ಮತ್ತು ಎಷ್ಟೋ ಗಾಡಿಗಳಲ್ಲಿ ಆ ಚೀಟಿ ಹರಿದುಹೋಗಿದೆ ಇಲ್ಲವೇ ಯಾರೋ ಕಿತ್ತಿದ್ದಾರೆ. ಚೀಟಿ ಇಲ್ಲದಾಗ ಕೊಳ್ಳುವವರು ಗಾಡಿಯ ಕೆಳಗೆ ಮಲಗಿ, ಚಾಸಿಯ ಒಳಬದಿಯಲ್ಲಿ ಬೆಸುಗೆಯ ಗುರುತನ್ನೂ, ರಿವೆಟ್ ಇರಬೇಕಾದ ಕಡೆ ಬೋಲ್ಟ್ ಇದೆಯೇ ಎಂಬುದನ್ನೂ ಹುಡುಕಬೇಕಾಗುತ್ತದೆ. ಮಾಡಿಸಿದವರು ಕತ್ತರಿಸುವ ಮೊದಲಿನ, ಬೆಸುಗೆ ಹಾಕುವಾಗಿನ, ಮುಗಿದ ನಂತರದ ಫೋಟೊಗಳನ್ನು ಜೋಪಾನ ಮಾಡಿದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಕತ್ತರಿಸುವುದಕ್ಕಿಂತ ಕತ್ತರಿಸಿದ್ದನ್ನು ಮುಚ್ಚಿಡುವುದೇ ದೊಡ್ಡ ತಪ್ಪು. ವಿಮಾ ಕಂಪನಿಗೂ ಮೊದಲೇ ತಿಳಿಸಿಡಿ.

ಟೆಕ್ಸಸ್ ಕನ್ನಡಿಗ:
ಎಲ್ಲರಿಗೂ ಧನ್ಯವಾದ. ಬಡಗಿ ಮೇಡಂ ಅವರ ಮಾತು ನನಗೆ ಒಪ್ಪಿಗೆಯಾಗಿದೆ. ಈಗಿನ ಗಾಡಿಯನ್ನು ಇದ್ದಂತೆಯೇ ಬಿಡುತ್ತೇನೆ. ಪಕ್ಕದ ಊರಿನಲ್ಲಿ ಬೆಡ್ ಪೂರ್ತಿ ಕೊಳೆತ, ಕ್ಯಾಬ್ ಚೆನ್ನಾಗಿರುವ ಅದೇ ವರ್ಷದ ಲಾಂಗ್ ಬೆಡ್ ಒಂದು ಮಾರಾಟಕ್ಕಿದೆ. ಅದರ ಹಿಂಬದಿಗೆ ಪಟ್ಟಿ ಸ್ಪ್ರಿಂಗ್ ಇಲ್ಲ, ಸುರುಳಿ ಸ್ಪ್ರಿಂಗ್ ಮತ್ತು ಮುಂದಕ್ಕೆ ಚಾಚಿದ ಎರಡು ಉದ್ದ ತೋಳುಗಳಿವೆ. ಇದರಿಂದ ಕತ್ತರಿಸುವ ಜಾಗ ಬದಲಾಗುತ್ತದೆಯೇ, ವೆಲ್ಡರ್ ಸರ್?

ವೆಲ್ಡರ್ ಮಿಷಿಗನ್:
ಖಂಡಿತ ಬದಲಾಗುತ್ತದೆ. ಆ ತೋಳುಗಳ ಉದ್ದ ಬದಲಾಗುವಂತಿಲ್ಲ, ಆದ್ದರಿಂದ ಆಕ್ಸಲ್ 12 ಅಂಗುಲ ಮುಂದೆ ಬಂದರೆ ಅವುಗಳ ಮುಂತುದಿಯನ್ನು ಹಿಡಿದಿರುವ ಅಡ್ಡಪಟ್ಟಿಯೂ ಅಷ್ಟೇ ಮುಂದೆ ಬರಬೇಕು. ಅಡ್ಡಪಟ್ಟಿಗಿಂತ ಮುಂದೆ ಕತ್ತರಿಸಿದರೆ ಅದು ಹಿಂಬದಿಯ ತುಂಡಿನ ಜೊತೆ ತಾನೇ ಬರುತ್ತದೆ. ಅದರ ಹಿಂದೆ ಕತ್ತರಿಸಿದರೆ ರಿವೆಟ್‌ಗಳನ್ನು ಕೊರೆದು ಬಿಚ್ಚಿ, ಹೊಸ ಜಾಗದಲ್ಲಿ ಹೆಚ್ಚು ಬಲದ ಗ್ರೇಡ್ 8 ಬೋಲ್ಟ್‌ಗಳಿಂದ ಬಿಗಿಯಬೇಕು. ಮೊದಲ ದಾರಿ ಹಿಡಿದರೆ ಕತ್ತರಿಸಿದ ಗೆರೆಯ ಹಿಂದಿರುವ ಬ್ರಾಕೆಟ್‌ಗಳೆಲ್ಲ ಮುಂದೆ ಜರುಗುತ್ತವೆ ಎಂಬುದನ್ನು ಮರೆಯಬೇಡಿ. ಕ್ಯಾಬ್‌ನ ಹಿಂದಿನ ಮೌಂಟ್ ಅವುಗಳಲ್ಲಿ ಸೇರಿದ್ದರೆ ಅದನ್ನು ಬಿಚ್ಚಿ ಮೂಲ ಜಾಗಕ್ಕೆ ತರಬೇಕಾಗುತ್ತದೆ.

ಕತ್ತರಿಸುವ ಮೊದಲು ಚಾಸಿಯ ಎರಡೂ ಬದಿಗೆ ನೇರವಾದ ಉದ್ದನೆಯ ಆಂಗಲ್ ಕಬ್ಬಿಣ ಕ್ಲ್ಯಾಂಪ್ ಮಾಡಿ. ಕಾರ್ಖಾನೆಯ ತೂತುಗಳಿಂದ ಕರ್ಣದ ಅಳತೆಗಳನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಜೋಡಿಸಿದ ಮೇಲೆ ಎರಡೂ ಕರ್ಣಗಳು ಸಮನಾಗದಿದ್ದರೆ ಗಾಡಿ ಓರೆಯಾಗಿ ಓಡುತ್ತದೆ. ಬ್ರೇಕ್ ಪೈಪನ್ನು ಸುತ್ತಿ ಕಟ್ಟದೆ ಹೊಸ ಅಳತೆಯದ್ದನ್ನೇ ಹಾಕಿ. ಹ್ಯಾಂಡ್‌ಬ್ರೇಕ್ ಕೇಬಲ್ಲೂ ಶಾರ್ಟ್ ಬೆಡ್‌ನದೇ ಬೇಕು. ಆ ವರ್ಷದ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬ್‌ನಲ್ಲಿ ಸೀಟಿನ ಹಿಂದೆ ಇರುವುದರಿಂದ ಅದರ ತಂಟೆ ಇಲ್ಲ. ಲಾಂಗ್ ಬೆಡ್‌ನ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ) ನಡುವೆ ಬೇರಿಂಗ್ ಇರುವ ಎರಡು ತುಂಡಿನದಾಗಿದ್ದರೆ ಅದನ್ನು ಬಿಟ್ಟು ಒಂದೇ ತುಂಡಿನದನ್ನು ಮಾಡಿಸಿ, ಬ್ಯಾಲೆನ್ಸ್ ಮಾಡಿಸಿ. ಅದರ ಅಳತೆಯನ್ನು ಬೆಡ್ ಕೂರಿಸಿ ಗಾಡಿಯನ್ನು ತನ್ನ ಚಕ್ರಗಳ ಮೇಲೆ ನಿಲ್ಲಿಸಿದ ನಂತರವೇ ತೆಗೆಯಿರಿ. ಆಕ್ಸಲ್ ನೇತಾಡುತ್ತಿರುವಾಗ ಅಳೆದರೆ ಶಾಫ್ಟ್‌ನ ಉದ್ದ ಸರಿ ಬರುವುದಿಲ್ಲ.