ಸಹಾಯ ಬೇಕು: ರೀಲ್ಸ್ ನಡದಾವ, ಕಥಿ ನಿಂತದ

ನಮಸ್ಕಾರ್ರಿ ಎಲ್ಲಾರಿಗೂ. ನಾ ಧಾರವಾಡದಾಕಿ, ಪುಣೆ ಕೋಥ್ರೂಡದಾಗ ಇರ್ತೀನಿ, ಕನ್ನಡದಾಗ ಸೈನ್ಸ್ ರೀಲ್ಸ್ ಮಾಡ್ತೀನಿ. ನಾರಾಯಣಗಾಂವ್ ಹತ್ರ ಇರೋ ಜಿಎಂಆರ್‌ಟಿ (ಆಕಾಶದಿಂದ ಬರೋ ರೇಡಿಯೋ ಅಲೆ ಹಿಡಿಯೋ ದೊಡ್ಡ ಟೆಲಿಸ್ಕೋಪು) ಮ್ಯಾಲೆ ಒಂದು ಹಾಕಿದ್ದೆ, 45 ಮೀಟರ್ ಅಗಲದ 30 ಡಿಶ್, ತಂತಿ ಜಾಳಿಗಿ ಇರೋದಕ್ಕ ಗಾಳಿ ಹಾದು ಹೋಗ್ತದ ಅಂತ, ಅದು ಸಿಕ್ಕಾಪಟ್ಟಿ ವೈರಲ್ ಆತು. ಆವಾಗಿಂದ ದಿನಾ ಹೊಸಾದು ಹಾಕ್ರಿ ಅಂತ ಮೆಸೇಜು, ಗಡಿಬಿಡಿಯೊಳಗ ಒಮ್ಮೆ ರೇಡಿಯೋ ಅಲೆನ ಶಬ್ದದ ಅಲೆ ಅಂದುಬಿಟ್ಟೆ, ಒಬ್ರು ಮಾಸ್ತರ್ರು ತಿದ್ದಿದ್ರು, ಭಾಳ ನಾಚಿಕಿ ಆತು. ಈ ಕಡೆ ನಾ ಬರಿಯಾಕತ್ತಿರೋ ಕಥಿ ನೋಟ್‌ಬುಕ್ಕು ಎಂಟನೇ ಪುಟಕ್ಕ ನಿಂತದ, ಮ್ಯಾಲೆ ಚಹಾ ಕಪ್ಪಿನ ಕಲಿ ಬ್ಯಾರೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಸರ್ ಇದ ಪುಣೆದಾಗ ಆಯುಕಾ ಅನ್ನೋ ಖಗೋಳ ವಿಜ್ಞಾನ ಸಂಸ್ಥೆ ಕಟ್ಟಿ ಮರಾಠಿಯೊಳಗ ಸೈನ್ಸ್ ಕಥಿನೂ ಬರದ್ರು (ಅವ್ರಿಗೆ ರೀಲ್ಸ್ ಕಾಟ ಇರ್ಲಿಲ್ಲ ಬಿಡ್ರಿ). ಎರಡೂ ನಡಸೋರು ಯಾರರೆ ಇದ್ರ ಟೈಮ್ ಹೆಂಗ ಹಂಚ್ಕೋತೀರಿ ಹೇಳ್ರಿ, ಮತ್ತ ಸ್ಕ್ರಿಪ್ಟ್ ಓದಿ ತಪ್ಪು ಹಿಡಿಯೋ ಫಿಸಿಕ್ಸ್‌ನವ್ರು ಒಬ್ರು ಬೇಕಾಗ್ಯಾರ.