ಕಿಣ್ವ ಕ್ರಿಯೆಯನ್ನು ‘ನಡೆಸುತ್ತದೆ’ ಅನ್ನಬಹುದಾ? ಕ್ರಿಯಾಪದದ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ಜೀವಕೋಶದ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆದ ಒಂದು ಲೇಖನವನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಹೀಗೊಂದು ವಾಕ್ಯ ಇದೆ: ‘ಕಿಣ್ವಗಳು ಶಕ್ತಿ ಕೊಟ್ಟು ರಾಸಾಯನಿಕ ಕ್ರಿಯೆಗಳನ್ನು ನಡೆಸುತ್ತವೆ.’ ಓದಲು ಚೆನ್ನಾಗಿದೆ, ಕನ್ನಡವೂ ಸರಿಯಾಗಿದೆ. ಆದರೆ ವಿಷಯ ತಪ್ಪು. ತಿದ್ದೋಣ ಅಂತ ಕೂತರೆ ಒಪ್ಪುವ ಕ್ರಿಯಾಪದವೇ ಸಿಗುತ್ತಿಲ್ಲ.

ಕಿಣ್ವ (ಎನ್‌ಜೈಮ್) ಶಕ್ತಿ ಕೊಡುವುದಿಲ್ಲ. ಒಂದು ಕ್ರಿಯೆ ಆಗಬೇಕಾದರೆ ಅಣುಗಳು ಮೊದಲು ಒಂದು ದಿಬ್ಬ ಹತ್ತಿ ಇಳಿಯಬೇಕು. ಕಿಣ್ವ ಆ ದಿಬ್ಬವನ್ನು ತಗ್ಗಿಸುತ್ತದೆ, ಅಷ್ಟೇ. ಆಚೆಗೂ ಈಚೆಗೂ ದಾರಿ ಸಮನಾಗಿ ಸಲೀಸಾಗುತ್ತದೆ. ಕ್ರಿಯೆಯ ಸಮತೋಲ (ಎರಡೂ ಕಡೆಯ ವೇಗ ಸಮವಾಗುವ ಹಂತ) ಎಲ್ಲಿತ್ತೋ ಅಲ್ಲೇ ಇರುತ್ತದೆ, ಅಲ್ಲಿಗೆ ಬೇಗ ಮುಟ್ಟುತ್ತೇವೆ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ನಮ್ಮ ರಕ್ತದ ಕೆಂಪುಕಣಗಳಲ್ಲಿರುವ ಕಾರ್ಬಾನಿಕ್ ಆನ್‌ಹೈಡ್ರೇಸ್. ಇದರ ಅತಿ ಚುರುಕಿನ ಬಗೆಯ ಒಂದೇ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ನೀರಿನೊಂದಿಗೆ ಸೇರಿಸಬಲ್ಲದು. ಸ್ನಾಯುಗಳ ಹತ್ತಿರ ಹೀಗೆ ಸೇರಿಸುತ್ತದೆ, ಶ್ವಾಸಕೋಶದಲ್ಲಿ ಅದೇ ಕಿಣ್ವ ಅದನ್ನೇ ಬಿಡಿಸುತ್ತದೆ. ಯಾವ ಕಡೆಗೆ ಹೋಗಬೇಕು ಅನ್ನುವುದು ಕಿಣ್ವದ ತೀರ್ಮಾನವೇ ಅಲ್ಲ. ಎಲ್ಲಿ ಏನು ಜಾಸ್ತಿ ಇದೆ ಅನ್ನುವುದರ ಮೇಲೆ ಅದು ನಿಂತಿದೆ. ಇಂಥದಕ್ಕೆ ‘ನಡೆಸುತ್ತದೆ’ ಅಂದರೆ ಯಜಮಾನಿಕೆ ಕೊಟ್ಟ ಹಾಗಾಯಿತು, ಅಲ್ವಾ?

ಹಾಗಾದರೆ ಏರಿನ ಕಡೆಗೆ ಹೋಗಲೇಬೇಕಾದ, ಅಂದರೆ ಶಕ್ತಿ ಸಿಗದೆ ತಾನಾಗಿ ಸಾಗದ ಕ್ರಿಯೆಗಳ ಗತಿ ಏನು? ಅಲ್ಲಿ ಬರುವುದು ಎಟಿಪಿ, ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು. ಗ್ಲೂಕೋಸ್ ಜೀವಕೋಶದೊಳಗೆ ಬಂದ ಕೂಡಲೇ ಅದಕ್ಕೆ ಒಂದು ಫಾಸ್ಫೇಟ್ ಅಂಟಿಸಬೇಕು. ಸುಮ್ನೆ ಅಂಟಿಸಲು ಹೋದರೆ ಒಂದು ಮೋಲ್‌ಗೆ ಸುಮಾರು 14 ಕಿಲೋಜೂಲ್ ಸಾಲದೆ ಬರುತ್ತದೆ. ಎಟಿಪಿ ನೀರಿನೊಂದಿಗೆ ಸೇರಿ, ಒಂದು ಫಾಸ್ಫೇಟ್ ಕಳೆದುಕೊಂಡು ಎಡಿಪಿ ಆದರೆ ಸುಮಾರು 30 ಕಿಲೋಜೂಲ್ ಸಿಗುತ್ತದೆ. (ಇವು ಪ್ರಮಾಣಿತ ಸ್ಥಿತಿಯ ಲೆಕ್ಕ, ಜೀವಕೋಶದೊಳಗೆ ಎಟಿಪಿಯಿಂದ ಇನ್ನೂ ಹೆಚ್ಚು ಸಿಗುತ್ತದೆ.) ಹೆಕ್ಸೊಕೈನೇಸ್ ಅನ್ನುವ ಕಿಣ್ವ ಗ್ಲೂಕೋಸನ್ನೂ ಎಟಿಪಿಯನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ನೀರು ಬಾಯಿ ಹಾಕದಂತೆ ಮುಚ್ಚಿಕೊಂಡು, ಫಾಸ್ಫೇಟನ್ನು ಎಟಿಪಿಯಿಂದ ಗ್ಲೂಕೋಸಿಗೆ ನೇರವಾಗಿ ದಾಟಿಸುತ್ತದೆ. ಎರಡೂ ಸೇರಿದ ಲೆಕ್ಕ ಇಳಿಜಾರೇ ಆಗುತ್ತದೆ. ಶಕ್ತಿ ಎಟಿಪಿಯದು, ಹಿಡಿತ ಕಿಣ್ವದ್ದು. ಒಂದೇ ವಾಕ್ಯದಲ್ಲಿ ಇಬ್ಬರು ಕರ್ತೃಗಳು, ಇಬ್ಬರಿಗೂ ಬೇರೆ ಬೇರೆ ಕ್ರಿಯಾಪದ ಬೇಕು. ನನ್ನ ತೊಡಕು ಇರುವುದು ಇಲ್ಲೇ.

ಎಟಿಪಿಗೆ ಏನನ್ನೋಣ? ‘ಮುಂದೂಡುತ್ತದೆ’ ಅಂದರೆ ಮುಗಿಯಿತು, ಕ್ರಿಯೆ ನಾಳೆಗೆ ಹೋಯಿತು! ‘ಪ್ರಚೋದಿಸುತ್ತದೆ’ ಅಂದರೆ ಬರೀ ಚುಚ್ಚಿ ಎಬ್ಬಿಸಿದ ಹಾಗೆ, ಆಮೇಲೆ ಅದರ ಪಾಡಿಗೆ ಅದು ನಡೆಯುತ್ತದೆ ಅನ್ನುವ ಅರ್ಥ ಬರುತ್ತದೆ. ‘ತಳ್ಳುತ್ತದೆ’ ಅರ್ಥಕ್ಕೆ ಹತ್ತಿರ ಇದೆ. ‘ನೂಕುತ್ತದೆ’ ಕೂಡ.

ಕಿಣ್ವಕ್ಕೆ ‘ಚುರುಕುಗೊಳಿಸುತ್ತದೆ’ ಸಾಕು ಅನ್ನಿಸುತ್ತದೆ. ಕ್ಯಾಟಲಿಸ್ಟ್‌ಗೆ ಬಳಸುವ ‘ವೇಗವರ್ಧಕ’ ಅನ್ನುವ ನಾಮಪದ ಮಾತ್ರ ನನಗೆ ಹಿಡಿಸುವುದಿಲ್ಲ. ಪಠ್ಯಪುಸ್ತಕದಲ್ಲಿ ಅದು ಬೇರೂರಿದೆ, ಗೊತ್ತು. ಆದರೆ ಕಣ ವೇಗವರ್ಧಕ ಅಂತಲೂ ಬರೆಯುತ್ತೇವಲ್ಲ, ಆ ಯಂತ್ರ ಕಣಗಳಿಗೆ ನಿಜವಾಗಿಯೂ ಶಕ್ತಿ ತುಂಬುತ್ತದೆ. ಒಂದೇ ಪದ ಒಂದು ಕಡೆ ಶಕ್ತಿ ಕೊಡುವುದಕ್ಕೆ, ಇನ್ನೊಂದು ಕಡೆ ಕೊಡದೇ ಇರುವುದಕ್ಕೆ. ‘ಕ್ರಿಯಾವರ್ಧಕ’ ಸ್ವಲ್ಪ ವಾಸಿ.

ದಿಬ್ಬದ ಹೆಸರೂ ಸಮಸ್ಯೆಯೇ. ‘ಸಕ್ರಿಯಗೊಳಿಸುವ ಶಕ್ತಿ’ ಅಂತ ಓದಿದ ಮಗು, ಸಕ್ರಿಯಗೊಳಿಸುವವನು ಕಿಣ್ವ, ಹಾಗಾದರೆ ಆ ಶಕ್ತಿ ಕಿಣ್ವದ್ದು ಅಂತಲೇ ತಿಳಿಯುತ್ತದೆ. ಮೂಲ ವಾಕ್ಯದ ತಪ್ಪು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ‘ಹೊಸ್ತಿಲ ಶಕ್ತಿ’ ಅನ್ನೋಣ ಅಂತ ಆಸೆಯಾಯಿತು, ಎಷ್ಟು ಚೆಂದದ ಪದ! ಆದರೆ ರಸಾಯನಶಾಸ್ತ್ರದಲ್ಲಿ ಹೊಸ್ತಿಲಿನ ಅರ್ಥದ ಇನ್ನೊಂದು ಅಳತೆ ಬೇರೆಯೇ ಇದೆ, ಎರಡೂ ಕಲಸಿಹೋಗುತ್ತವೆ. ಈಗ ‘ತಡೆ’ ಅಂತ ಬರೆದಿದ್ದೇನೆ: ‘ಕಿಣ್ವ ಕ್ರಿಯೆಯ ಶಕ್ತಿ-ತಡೆಯನ್ನು ತಗ್ಗಿಸುತ್ತದೆ.’

ಇನ್ನೊಂದು ಮಾತು. ‘ಎಟಿಪಿಯ ಶಕ್ತಿಭರಿತ ಬಂಧ ಒಡೆದಾಗ ಶಕ್ತಿ ಹೊರಬರುತ್ತದೆ’ ಅನ್ನುವ ವಾಕ್ಯವೂ ಲೇಖನದಲ್ಲಿದೆ. ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ 1941ರಲ್ಲಿ ಇಂಥ ಫಾಸ್ಫೇಟ್ ಬಂಧಗಳನ್ನು ಗುರುತಿಸಲು ಅಲೆಯ ಗೆರೆ ಬಳಸಿದ ಮೇಲೆ ಈ ಮಾತು ಎಲ್ಲ ಭಾಷೆಗಳಿಗೂ ಹಬ್ಬಿತು. ಆದರೆ ಯಾವ ಬಂಧವನ್ನು ಒಡೆಯಲೂ ಶಕ್ತಿ ಬೇಕು. ಲಾಭ ಬರುವುದು ಒಡೆದ ಮೇಲೆ ಆಗುವ ಹೊಸ ಜೋಡಣೆಯಿಂದ. ಹೊಸ ಅಣುಗಳು ಮೊದಲಿಗಿಂತ ನೆಮ್ಮದಿಯಾಗಿರುತ್ತವೆ. ಇದನ್ನೆಲ್ಲ ಮಕ್ಕಳಿಗೆ ಬಿಡಿಸಿ ಹೇಳುವ ಬದಲು ‘ಎಟಿಪಿ ಖರ್ಚಾಗಿ’ ಅಂತ ಬರೆದರೆ ಸುಳ್ಳೂ ಆಗುವುದಿಲ್ಲ, ಉದ್ದವೂ ಆಗುವುದಿಲ್ಲ.

‘ಕಿಣ್ವ’ದ ಬಗ್ಗೆ ತಕರಾರಿಲ್ಲ. ಸಂಸ್ಕೃತದಲ್ಲಿ ಅದು ಮದ್ಯ ಹುದುಗಿಸಲು ಹಾಕುವ ಹುದುಗು. ಎನ್‌ಜೈಮ್ ಅನ್ನುವುದಕ್ಕೂ ಗ್ರೀಕ್‌ನಲ್ಲಿ ‘ಹುದುಗಿನೊಳಗಿನದು’ ಅಂತ ಅರ್ಥ. 1897ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ ರಸ, ಒಂದೂ ಜೀವಂತ ಕೋಶವಿಲ್ಲದೆ, ಸಕ್ಕರೆಯನ್ನು ಹುದುಗಿಸಿತ್ತು. ಪದ ಆರಿಸಿದವರು ಜಾಣರು.

ಎರಡು ಕ್ರಿಯೆಗಳು ಹೀಗೆ ಸೇರಿ ನಡೆಯುವುದಕ್ಕೆ ‘ಜೋಡಿ ಕ್ರಿಯೆ’ ಅನ್ನುವುದುಂಟು. ಜೋಡಿ ಅಂದರೆ ಅಕ್ಕಪಕ್ಕ ಇದ್ದರೂ ಆಯಿತು. ಇಲ್ಲಿ ಒಂದಿಲ್ಲದೆ ಇನ್ನೊಂದಿಲ್ಲ. ಅದಕ್ಕೆ ‘ಬೆಸೆದ ಕ್ರಿಯೆ’ ಅಂತ ಮಾಡಿಕೊಂಡಿದ್ದೇನೆ.

ಸದ್ಯಕ್ಕೆ ವಾಕ್ಯ ಹೀಗೆ ನಿಂತಿದೆ: ‘ಕಿಣ್ವಗಳು ಕ್ರಿಯೆಗಳನ್ನು ಚುರುಕುಗೊಳಿಸುತ್ತವೆ, ತಾನಾಗಿ ಮುಂದೆ ಸಾಗದ ಕ್ರಿಯೆಯನ್ನು ಎಟಿಪಿ ಖರ್ಚಾಗುವ ಕ್ರಿಯೆಯೊಂದಿಗೆ ಬೆಸೆದು ಮುಂದಕ್ಕೆ ತಳ್ಳುತ್ತವೆ.’ ನೋಡಿ, ‘ತಳ್ಳುತ್ತವೆ’ ಮತ್ತೆ ಕಿಣ್ವದ ತಲೆಗೇ ಬಂತು. ‘ಮುಂದೆ ಸಾಗುವಂತೆ ಮಾಡುತ್ತವೆ’ ಅಂದರೆ ಸರಿಹೋಗುತ್ತದಾ, ಅಥವಾ ವಾಕ್ಯವನ್ನೇ ಎರಡಾಗಿ ಒಡೆಯಲಾ? ಜೀವಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಎಟಿಪಿಗೆ ಯಾವ ಕ್ರಿಯಾಪದ ಬಳಸುತ್ತೀರಿ, ದಯವಿಟ್ಟು ಹೇಳಿ.