ಸಹಾಯ ಬೇಕು: 4 ಅಡಿ ಎತ್ತರದಿಂದ ಬೀಳೋದನ್ನ ತಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಫಾಲ್ಸ್ ಸೀಲಿಂಗ್ ಕೆಲಸ, ಸೀಲಿಂಗ್ ಮಟ್ಟ 10 ಅಡಿ. 4 ಅಡಿ ಕುದುರೆ (ಹಲಗೆ ಇಡೋ ಕಾಲಿನ ಸ್ಟ್ಯಾಂಡ್) ಮೇಲೆ ಎರಡು ಹಲಗೆ ಹಾಕಿ ಹುಡುಗರು ನಿಲ್ತಾರೆ. ಕಣ್ಣು ಮೇಲೆ, ಎರಡೂ ಕೈಯಲ್ಲಿ ಜಿಪ್ಸಂ ಶೀಟು, ಕಾಲು ಹಿಂದಕ್ಕೆ ಜರುಗುತ್ತೆ, ಹಲಗೆ ಮುಗಿದಿರುತ್ತೆ. 4 ಅಡಿ ಅಂತ ಯಾರೂ ಲೆಕ್ಕಕ್ಕೆ ಇಡಲ್ಲ, ಆದರೆ ಹಿಂದಕ್ಕೆ ಬಿದ್ದರೆ ತಲೆ ನೇರ ಟೈಲ್ಸಿಗೆ ಬಡಿಯುತ್ತೆ. ಜೀವಾನೇ ಹೋಗಬಹುದು.

ಸೇಫ್ಟಿ ಬೆಲ್ಟ್ ನೋಡಾಯ್ತು, ಪ್ರಯೋಜನ ಇಲ್ಲ. ಅದರ ಹಗ್ಗವೇ 1.8 ಮೀಟರ್, ಬಿಗಿಯಾಗೋ ಮೊದಲೇ ಮನುಷ್ಯ ನೆಲ ಮುಟ್ಟಿರ್ತಾನೆ. ಸೀಲಿಂಗ್ ಚಾನೆಲ್‌ಗೆ ಕೊಕ್ಕೆ ಹಾಕೋಕಂತೂ ಆಗಲ್ಲ, ಆ ತೆಳು ತಗಡಿನ ಪಟ್ಟಿ ಆಳಿನ ಭಾರ ತಡೆಯಲ್ಲ. ಎ-ಏಣಿಯಲ್ಲಿ ಹಿಡ್ಕೊಳ್ಳೋಕೆ ಕೈ ಖಾಲಿ ಇರಲ್ಲ.

ಈಗ ಬ್ರೇಕ್ ಇರೋ ಚಕ್ರದ ಅಟ್ಟಣಿಗೆ ತಂದು, ನಾಲ್ಕೂ ಕಡೆ ಸೊಂಟದೆತ್ತರ ಕಂಬಿ ಕಟ್ಟಿದ್ದೇವೆ. ಆದರೆ 6x4 ಶೀಟನ್ನ ಕೆಳಗಿಂದ ಕೊಡುವಾಗ ಕಂಬಿ ಅಡ್ಡ ಬರುತ್ತೆ, ಹುಡುಗರು ಒಂದು ಕಡೆಯದನ್ನ ಬಿಚ್ಚಿಬಿಡ್ತಾರೆ. ಬೀಳೋದೂ ಅಲ್ಲಿಂದಲೇ.

ಕಂಬಿ ಬಿಚ್ಚದೆ ಶೀಟ್ ಮೇಲೇರಿಸೋ ಕ್ರಮ ಯಾವುದು? ಶೀಟ್ ಎತ್ತುವ ಕೈಯಂತ್ರ 10x10 ಕೋಣೆಯಲ್ಲಿ ಅಟ್ಟಣಿಗೆ ಜೊತೆ ಹಿಡಿಸುತ್ತಾ? ಬಳಸಿದವರು ದಯವಿಟ್ಟು ಹೇಳಿ.